ಒಂದು ತುಂಡು ಉಳಿದರೆ ಸಾಕೆ?

(ಬಳಗದ ಮಳೆಗಾಲದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಅರ್ಧ ಗಂಟೆ ಮಾತನಾಡಬೇಕೆಂದು ಸಂಚಾಲಕರು ನನಗೆ ತಿಳಿಸಿದ್ದರು. ಆ ವಿಷಯಕ್ಕೆ ಖಂಡಿತ ಬರುತ್ತೇನೆ. ಆದರೆ ಅದಕ್ಕೂ ಮೊದಲು ನಮ್ಮ ಪಕ್ಕದ ಮನೆಯ ಜಗಲಿಯ ಕಡೆಗೆ ನಿಮ್ಮನ್ನು ಕರೆದುಕೊಂಡು ಹೋಗಲು ಅಪ್ಪಣೆ ಬೇಡುತ್ತೇನೆ. ತೋಟಗಳನ್ನು ಸುತ್ತಿ, ಪ್ರಯೋಗಾಲಯಗಳಲ್ಲಿ ಕುಳಿತು ಕಲಿತದ್ದನ್ನು ಆ ಜಗಲಿ ಈ ಸಲ ನನಗೆ ಹೊಸದಾಗಿ ಅರ್ಥಮಾಡಿಸಿತು.

ಆ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಅವರ ಜಗಲಿಯ ಕಂಬಕ್ಕೆ ಒರಗಿಕೊಂಡು ಒಂದು ಬ್ರಹ್ಮಕಮಲದ ಗಿಡವಿತ್ತು. ಹಳೆಯ ಎಣ್ಣೆ ಡಬ್ಬಿಯಲ್ಲಿ ನೆಟ್ಟದ್ದು. ಅವರ ಅತ್ತೆ ತವರಿನಿಂದ ಒಂದು ಎಲೆ ತಂದು ಬೆಳೆಸಿದ್ದಂತೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಅವರು ನನ್ನನ್ನು ಕರೆದರು. “ತಮ್ಮಾ, ನೀನು ಗಿಡದ ಡಾಕ್ಟರಲ್ಲವೊ, ಇದನ್ನೊಂದು ನೋಡು” ಎಂದರು. ಬುಡ ಕಂದಾಗಿ, ಮುಟ್ಟಿದರೆ ನೀರು ಒಸರುವಷ್ಟು ಮೆತ್ತಗಾಗಿತ್ತು. ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ತಲೆಯೆತ್ತಿ ನೋಡಿದೆ. ಸೂರಿನ ತಗಡಿನ ದೋಣಿಯಲ್ಲಿ ಒಂದು ತೂತು. ಮಳೆ ಹಿಡಿದ ದಿನದಿಂದ ಅದರ ನೀರು ನೇರವಾಗಿ ಡಬ್ಬಿಯೊಳಕ್ಕೆ ಸುರಿಯುತ್ತಿತ್ತು. ಡಬ್ಬಿಯ ತಳದ ರಂಧ್ರವೋ ತುಕ್ಕು ಹಿಡಿದು ಮುಚ್ಚಿಹೋಗಿತ್ತು.

ಗಿಡ ಉಳಿಯುವುದಿಲ್ಲ ಎಂದೆ. ಅವರ ಮುಖ ನೋಡಿ, “ಆದರೆ ಗಿಡದ ಒಂದು ತುಂಡು ಉಳಿಯಬಹುದು” ಎಂದು ಸೇರಿಸಿದೆ. ಈ ಎರಡು ಮಾತುಗಳ ನಡುವಿನ ವ್ಯತ್ಯಾಸವೇ ಇವತ್ತಿನ ನನ್ನ ಭಾಷಣ.

ಎಲೆಯಲ್ಲದ ಎಲೆ

ಮೊದಲು ಈ ಗಿಡದ ಪರಿಚಯ ಆಗಬೇಕು. ನಾವು ಬ್ರಹ್ಮಕಮಲ ಎಂದು ಕರೆಯುವ ಇದು ಪಾಪಾಸುಕಳ್ಳಿಯ ಬಳಗಕ್ಕೆ ಸೇರಿದ್ದು. ಎಪಿಫಿಲಮ್ ಆಕ್ಸಿಪೆಟಾಲಮ್ ಎಂಬುದು ಇದರ ಶಾಸ್ತ್ರೀಯ ಹೆಸರು. ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳು. ಹಿಮಾಲಯದ ಎತ್ತರದಲ್ಲಿ ಅರಳುವ, ಉತ್ತರಾಖಂಡದ ರಾಜ್ಯಪುಷ್ಪವಾದ ನಿಜವಾದ ಬ್ರಹ್ಮಕಮಲ ಬೇರೆಯೇ. ಅದು ಸೂರ್ಯಕಾಂತಿಯ ಕುಟುಂಬದ ಗಿಡ. ಕಳ್ಳಿ ಎಂದರೆ ಮರಳುಗಾಡಿನದು ಎಂದೇ ನಮ್ಮ ಭಾವನೆ. ಆದರೆ ಈ ಕಳ್ಳಿ ತನ್ನ ತವರಿನಲ್ಲಿ ದೊಡ್ಡ ಮರಗಳ ಕೊಂಬೆಗಳ ಮೇಲೆ, ನಮ್ಮ ಸೀತಾಳೆ ದಂಡೆಯ ಹಾಗೆ, ಕೊಳೆತ ಎಲೆಯ ಸಂದಿಯಲ್ಲಿ ಬೇರು ಬಿಟ್ಟು ಬದುಕುತ್ತದೆ. ಮಳೆ ಅದಕ್ಕೆ ಹೊಸದಲ್ಲ. ಆದರೆ ಅಲ್ಲಿ ಮಳೆ ಬಿದ್ದ ನೀರು ಬೇರಿನ ಬಳಿ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ಬೇರು ಒದ್ದೆಯಾಗುತ್ತದೆ, ಮುಳುಗುವುದಿಲ್ಲ. ಮಲೆನಾಡಿನಲ್ಲಿ ಈ ಗಿಡ ಸಾಯುವುದು ಹೆಚ್ಚಾಗಿ ಮಳೆಯಿಂದಲ್ಲ, ನಾವು ಅದನ್ನು ನೆಟ್ಟ ಡಬ್ಬಿಯಿಂದ.

ನಾವು ಎಲೆ ಎನ್ನುವುದು ಇದರ ಎಲೆಯಲ್ಲ. ಚಪ್ಪಟೆಯಾಗಿ ಹಸಿರಾದ ಕಾಂಡ ಅದು. ಅದರ ಅಂಚಿನ ಪ್ರತಿ ಕಚ್ಚಿನಲ್ಲಿಯೂ ಒಂದು ನಿದ್ರಿಸುವ ಕಣ್ಣಿದೆ. ಹೂವು ಹೊರಡುವುದು ಅಲ್ಲಿಂದ, ಹೊಸ ಚಿಗುರು ಹೊರಡುವುದೂ ಅಲ್ಲಿಂದ. ಆದ್ದರಿಂದಲೇ ಒಂದು ಗೇಣಿನ ತುಂಡು ಇಡೀ ಗಿಡವಾಗಬಲ್ಲದು. ಯಾವುದೇ ಸಸ್ಯಕೋಶದಲ್ಲಿ ಇಡೀ ಸಸ್ಯವಾಗುವ ಸಾಮರ್ಥ್ಯ ಅಡಗಿರಬೇಕು ಎಂದು ಹ್ಯಾಬರ್‌ಲಾಂಟ್ ಎಂಬ ವಿಜ್ಞಾನಿ 1902ರಲ್ಲಿ ಊಹಿಸಿದ. 1958ರಲ್ಲಿ ಸ್ಟೀವರ್ಡ್ ಮತ್ತು ಅವನ ಸಂಗಡಿಗರು ಗಜ್ಜರಿಯ ಕೋಶಗಳಿಂದ ಗಿಡ ಬೆಳೆಸಿ ಆ ಊಹೆಗೆ ಪುಷ್ಟಿ ಕೊಟ್ಟರು. ನಮ್ಮ ಹೆಂಗಸರು ಅದಕ್ಕೂ ಮೊದಲೇ ತವರಿನಿಂದ ಸೆರಗಿನಲ್ಲಿ ಒಂದು ಎಲೆ ಕಟ್ಟಿಕೊಂಡು ಬರುತ್ತಿದ್ದರು.

ಕತ್ತರಿಸುವುದು ಮತ್ತು ಕಾಯುವುದು

ಆ ದಿನ ನಾನು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ನಿಮ್ಮ ಮನೆಯಲ್ಲಿಯೂ ಬೇಕಾಗಬಹುದು.

ಹರಿತವಾದ ಚೂರಿಯನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿದೆ. ರೋಗದ ಬುಡದಿಂದ ಆದಷ್ಟೂ ದೂರದ, ಗಟ್ಟಿಯಾಗಿ ಹಸಿರಾಗಿರುವ ತುದಿಯನ್ನು ಆರಿಸಿಕೊಂಡೆ. ಕತ್ತರಿಸಿ ಕೊಯ್ದ ಮುಖವನ್ನು ನೋಡಿದೆ. ನಡುವಿನ ನರದಲ್ಲಿ ಕಂದು ಚುಕ್ಕೆಯಿತ್ತು. ಹೊರಗೆ ಹಸಿರಾಗಿದ್ದರೂ ಒಳಗೆ ರೋಗ ಅಲ್ಲಿಯವರೆಗೆ ಏರಿತ್ತು. ಚೂರಿಯನ್ನು ಮತ್ತೆ ಕಾಯಿಸಿ ಎರಡು ಬೆರಳು ಮೇಲೆ ಕತ್ತರಿಸಿದೆ. ಇನ್ನೂ ಕಂದು. ಮೂರನೆಯ ಸಲ ಮುಖ ಅಚ್ಚ ಬಿಳಿಹಸಿರಾಗಿ ಕಂಡಿತು. ಒಂದೂವರೆ ಅಡಿಯ ಎಲೆಯಲ್ಲಿ ಉಳಿದದ್ದು ನನ್ನ ಅಂಗೈಯಷ್ಟು. ಇಲ್ಲಿ ಲೋಭ ಸಲ್ಲದು. ದೊಡ್ಡ ತುಂಡಿನ ಆಸೆಗೆ ಒಂದು ಕಂದು ಚುಕ್ಕೆಯನ್ನು ಉಳಿಸಿಕೊಂಡವನು ತುಂಡನ್ನೂ ಕಳೆದುಕೊಳ್ಳುತ್ತಾನೆ.

ಆ ಮೇಲೆ ಮಾಡಿದ್ದು ಏನೂ ಮಾಡದಿರುವುದು. ಗಾಯಕ್ಕೆ ಒಲೆಯ ಬೂದಿ ಸವರಿ, ಯಾವ ತುದಿ ಕೆಳಗಿತ್ತು ಎಂದು ಗುರುತು ಮಾಡಿ, ಅಡುಗೆಮನೆಯ ಒಲೆಯ ಮೇಲಿನ ಅಟ್ಟದ ಹತ್ತಿರ, ಬೆಚ್ಚಗೆ ಗಾಳಿಯಾಡುವಲ್ಲಿ ತೂಗುಹಾಕಿದೆ. “ನೆಡುವುದಿಲ್ಲವೊ? ಒಣಗಿಹೋಗುತ್ತದಲ್ಲ!” ಎಂದು ಹಿರಿಯಮ್ಮ ಗಾಬರಿಯಾದರು. ಹತ್ತು ದಿನ ತಡೆಯಿರಿ ಎಂದೆ.

ಈ ಕಾಯುವಿಕೆಗೆ ಕಾರಣವಿದೆ. ಹಸಿ ಗಾಯವನ್ನು ಹಸಿ ಮಣ್ಣಿಗೆ ಊರಿದರೆ ಮಣ್ಣಿನ ಶಿಲೀಂಧ್ರಗಳಿಗೆ ಬಾಗಿಲು ತೆರೆದಿಟ್ಟಂತೆ. ಗಾಯ ಆರುವಾಗ ಕೊಯ್ದ ಮುಖದ ಕೆಳಗಿನ ಕೋಶಗಳು ಬಿರಡೆಯಂಥ ಒಂದು ಪದರವನ್ನು ಕಟ್ಟಿಕೊಳ್ಳುತ್ತವೆ. ನೀರು ಹೊರಹೋಗದಂತೆ, ರೋಗಾಣು ಒಳಬರದಂತೆ ಅದು ತಡೆಯುತ್ತದೆ. ಅದೇ ಸಮಯಕ್ಕೆ ತುದಿಯಿಂದ ಕೆಳಮುಖವಾಗಿ ಹರಿಯುವ ಆಕ್ಸಿನ್ ಎಂಬ ಚೋದಕ, ಮುಂದೆ ಹೋಗಲು ದಾರಿಯಿಲ್ಲದೆ ಕತ್ತರಿಸಿದ ತುದಿಯಲ್ಲಿ ಸಂಗ್ರಹವಾಗುತ್ತದೆ. ಅಲ್ಲಿನ ಕೋಶಗಳು ತಮ್ಮ ಹಳೆಯ ಕೆಲಸ ಬಿಟ್ಟು ಬೇರಾಗಲು ಹೊರಡುತ್ತವೆ. ಆದ್ದರಿಂದಲೇ ಮೇಲು ಕೆಳಗು ಗುರುತಿಡುವುದು ಮುಖ್ಯ. ತಲೆಕೆಳಗಾಗಿ ನೆಟ್ಟ ತುಂಡು ಬೇರು ಬಿಡಲು ಹೆಣಗುತ್ತದೆ.

ಹತ್ತು ದಿನ ಬೇರಿಲ್ಲದೆ ಬದುಕುವುದು ಹೇಗೆ? ಅದಕ್ಕೆ ಕಳ್ಳಿಗಳ ಉಸಿರಾಟದ ಕ್ರಮವೇ ಕಾರಣ. ಬೇರೆ ಗಿಡಗಳು ಹಗಲು ತಮ್ಮ ಪತ್ರರಂಧ್ರಗಳನ್ನು ತೆರೆದರೆ, ಇವು ರಾತ್ರಿ ತೆರೆಯುತ್ತವೆ. ರಾತ್ರಿಯ ತಂಪಿನಲ್ಲಿ ಒಳಗೆ ತೆಗೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಅದನ್ನು ಅಡುಗೆ ಮಾಡಿಕೊಳ್ಳುತ್ತವೆ. ನೀರು ಆವಿಯಾಗುವುದು ತೀರ ಕಡಿಮೆ. ಈ ಜಾಣ್ಮೆಯ ಸುಳಿವು ಮೊದಲು ದಾಖಲಾದದ್ದರಲ್ಲಿ ನಮ್ಮ ನಾಡಿನ ನಂಟಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಬೆಂಜಮಿನ್ ಹೇನ್ ಎಂಬ ಸಸ್ಯವಿಜ್ಞಾನಿ, ನಮ್ಮ ಬೇಲಿಬದಿಯಲ್ಲಿ ಕಾಣುವ ಕಾಡುಬಸಳೆಯ ಎಲೆಯನ್ನು ಬೆಳಿಗ್ಗೆ ತಿಂದರೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಸ್ವಲ್ಪ ಕಹಿ ಎಂದು ಗಮನಿಸಿ 1813ರಲ್ಲಿ ಪತ್ರ ಬರೆದ. ನಾಲಗೆಯೇ ಅವನ ಉಪಕರಣ. ನಾಳೆ ನೀವೂ ಪರೀಕ್ಷಿಸಬಹುದು. ಒಂದು ಚೂರು ಮಾತ್ರ ಸಾಕು. ಎಲೆಯಂಚಿನಿಂದಲೇ ಮರಿಗಿಡ ಹುಟ್ಟಿಸುವ ಆ ಕಾಡುಬಸಳೆ ನಮ್ಮ ಇವತ್ತಿನ ವಿಷಯಕ್ಕೂ ಸೋದರಿಯೇ.

ಹನ್ನೊಂದನೆಯ ದಿನ ತುಂಡನ್ನು ನೆಟ್ಟೆ. ಹಳೆಯ ಡಬ್ಬಿಯನ್ನೂ ಹಳೆಯ ಮಣ್ಣನ್ನೂ ಬಳಸಲಿಲ್ಲ. ತಳ ಕೊರೆದ ಮಣ್ಣಿನ ಕುಂಡ. ಹಂಚಿನ ಚೂರು, ಇದ್ದಿಲು, ತೆಂಗಿನ ನಾರು, ಚೆನ್ನಾಗಿ ಕೊಳೆತ ದರಗು, ಹೊಳೆಯ ಮರಳು. ಎರಡು ಬೆರಳಿನಷ್ಟು ಆಳ ಊರಿ ಕಡ್ಡಿಗೆ ಕಟ್ಟಿದೆ. ಒಂದು ವಾರ ನೀರು ಹಾಕಲಿಲ್ಲ. ಆಮೇಲೆ ಮಣ್ಣು ಆರಿದಾಗ ಚಿಮುಕಿಸಿದ್ದಷ್ಟೆ. ಕುಂಡವನ್ನು ಜಗಲಿಯ ಇನ್ನೊಂದು ಬದಿಗೆ ಇಟ್ಟು, ಅವರ ಮಗನಿಂದ ತಗಡಿನ ದೋಣಿಯ ತೂತು ಮುಚ್ಚಿಸಿದೆ. ಐದನೆಯ ವಾರ ಮೆಲ್ಲನೆ ಅಲುಗಿಸಿದಾಗ ತುಂಡು ಅಲುಗಲಿಲ್ಲ. ಬೇರು ಹಿಡಿದಿತ್ತು. ಹೂವಿಗೆ ಇನ್ನು ಎರಡು ಮೂರು ವರ್ಷ ಕಾಯಬೇಕು.

ಈ ಕೆಲಸದಲ್ಲಿ ನಾಲ್ಕು ಮಾತುಗಳಿವೆ. ರೋಗ ಕಂಡ ಮೇಲೆ ಹಂಗಾಮಿಗೆ ಕಾಯಬಾರದು. ಕತ್ತರಿಸುವಾಗ ಲೋಭ ಪಡಬಾರದು. ಗಾಯ ಆರುವ ತನಕ ಅವಸರಿಸಬಾರದು. ಕಾಯಿಲೆಗೆ ಕಾರಣವಾದ ಜಾಗವನ್ನು ಸರಿಪಡಿಸದೆ ಮರಳಿ ನೆಡಬಾರದು. ಮೊದಲ ಮೂರು ಕೈಕೆಲಸ. ನಾಲ್ಕನೆಯದು ನಮ್ಮ ಚಳವಳಿಯ ವಿಷಯ.

ಮೆಣಸಿನ ಬಳ್ಳಿಗೆ ಇದೇ ಪಾಠ

ಈಗ ಸಂಚಾಲಕರಿಗೆ ಕೊಟ್ಟ ಮಾತು. ಮೆಣಸಿನ ಸೊರಗು ರೋಗವನ್ನು ತರುವುದು ಫೈಟಾಫ್ತೊರ ಎಂಬ ಕುಲದ ಸೂಕ್ಷ್ಮಜೀವಿ. ಅಡಿಕೆಯ ಕೊಳೆರೋಗ ಅದರ ದಾಯಾದಿಯಿಂದಲೇ ಬರುತ್ತದೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಆ ಕೊಳೆಯನ್ನು ಅಧ್ಯಯನ ಮಾಡಿ 1910ರಲ್ಲಿ ಬರೆದ. ಬೋರ್ಡೋ ದ್ರಾವಣ ನಮ್ಮ ಅಡಿಕೆಗೆ ಬಂದದ್ದರ ಹಿಂದೆ ಆ ಕೆಲಸವಿದೆ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂಬ ಲೆಕ್ಕ ಇಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಬಳ್ಳಿ ಬುಡದಲ್ಲಿ ಕೊಳೆತು ಎಲೆ ಉದುರಿಸತೊಡಗಿದ ಮೇಲೆ ಅದನ್ನು ಬದುಕಿಸುವ ಸಿಂಪಡಣೆ ನನಗೆ ತಿಳಿದಿಲ್ಲ. ಬಿಳಿ ಮಲ್ಲಿಗೆಸರವೊ ಉದ್ದಗೆರೆಯೊ, ಅಜ್ಜನ ಕಾಲದ ಬಳ್ಳಿಯೊಂದು ನಿಮ್ಮಲ್ಲಿದ್ದರೆ ಅದು ಆರೋಗ್ಯವಾಗಿರುವಾಗಲೇ ತುಂಡು ತೆಗೆಯಬೇಕು.

ಬುಡದಿಂದ ಹೊರಟ ಹಂಬುಗಳನ್ನು ನೆಲಕ್ಕೆ ತಾಗಗೊಡದೆ ಒಂದು ಗೂಟಕ್ಕೆ ಸುತ್ತಿ ಕಟ್ಟಿ. ನೆಲದ ಮಣ್ಣೇ ರೋಗದ ಮನೆ. ಫೆಬ್ರವರಿ, ಮಾರ್ಚ್‌ನಲ್ಲಿ ಅವನ್ನು ಬಿಡಿಸಿ ಎರಡು ಮೂರು ಗೆಣ್ಣಿನ ತುಂಡು ಮಾಡಿ ಚೀಲಕ್ಕೆ ಹಾಕಿ. ಎಲೆ ಸಣ್ಣದಾಗಿ, ಸುಕ್ಕಾಗಿ, ಹಳದಿ ಚುಕ್ಕೆಯಾಗಿರುವ ಬಳ್ಳಿಯಿಂದ ಮಾತ್ರ ಎಂದೂ ತೆಗೆಯಬೇಡಿ. ಅದು ನಂಜುರೋಗ, ಅಂದರೆ ವೈರಸ್. ಕೊಳೆಯನ್ನು ಚೂರಿಯಿಂದ ಕತ್ತರಿಸಿ ಬಿಡಬಹುದು. ನಂಜು ಬಳ್ಳಿಯ ಮೈಯೆಲ್ಲ ಹರಡಿರುತ್ತದೆ. ಅಂಥ ತುಂಡನ್ನು ನೆಂಟರಿಗೆ ಕೊಟ್ಟರೆ ಪ್ರೀತಿಯ ಜೊತೆಗೆ ರೋಗವನ್ನೂ ಕಳಿಸಿದಂತೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ತುಂಡಿನಿಂದ ಬೆಳೆದ ಗಿಡ ತಾಯಿಯ ಮಗುವಲ್ಲ, ತಾಯಿಯೇ. ಅದರ ಗುಣಗಳು ಹಾಗೆಯೇ ಉಳಿಯುತ್ತವೆ. ಅದರ ದೌರ್ಬಲ್ಯವೂ ಹಾಗೆಯೇ ಉಳಿಯುತ್ತದೆ. ಐರ್ಲೆಂಡಿನ ಬಡವರು ಹೆಚ್ಚಾಗಿ ಒಂದೇ ತಳಿಯ ಆಲೂಗಡ್ಡೆಯನ್ನು ತುಂಡು ಮಾಡಿ ನೆಡುತ್ತಿದ್ದರು. 1845ರಲ್ಲಿ ಇದೇ ಫೈಟಾಫ್ತೊರ ಕುಲದ ಇನ್ನೊಂದು ಜೀವಿ ಅಲ್ಲಿಗೆ ಬಂತು. ಒಂದು ಹೊಲಕ್ಕೆ ತಗುಲಿದ ರೋಗವನ್ನು ಪಕ್ಕದ ಹೊಲದಲ್ಲಿ ತಡೆಯುವವರಿರಲಿಲ್ಲ, ಏಕೆಂದರೆ ಪಕ್ಕದ ಹೊಲದಲ್ಲಿಯೂ ಇದ್ದದ್ದು ಅದೇ ಗಿಡ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಬಡವರು ಹಸಿದದ್ದಕ್ಕೆ ಆಳುವವರ ನೀತಿಯೂ ಕಾರಣ ಎಂಬುದನ್ನು ಮರೆಯಬಾರದು. ಆದರೂ ತೋಟದ ತುಂಬ ಒಂದೇ ಬಳ್ಳಿಯ ತುಂಡು ನೆಡುವ ನಮಗೆ ಅದರಲ್ಲಿ ಪಾಠವಿದೆ.

ತುಂಡಿನಿಂದ ಬದುಕುವ ಗುಣ ಎಲ್ಲ ಕಡೆಯೂ ವರವಲ್ಲ ಎಂಬುದನ್ನೂ ಸೇರಿಸುತ್ತೇನೆ. ಇದೇ ಗುಣದಿಂದ ಪಾಪಾಸುಕಳ್ಳಿ ಆಸ್ಟ್ರೇಲಿಯದಲ್ಲಿ ಲಕ್ಷಾಂತರ ಎಕರೆಗಳನ್ನು ನುಂಗಿತು. ಕಡಿದು ಎಸೆದ ಪ್ರತಿ ತುಂಡೂ ಹೊಸ ಪೊದೆಯಾಯಿತು. 1925ರಲ್ಲಿ ಅರ್ಜೆಂಟೀನದಿಂದ ಒಂದು ಪತಂಗವನ್ನು ತಂದು ಬಿಟ್ಟ ಮೇಲೆ ಅದು ಹಿಡಿತಕ್ಕೆ ಬಂತು. ಆದ್ದರಿಂದ ಬ್ರಹ್ಮಕಮಲದ ಮಿಕ್ಕ ಎಲೆಗಳನ್ನು ಪ್ರೀತಿಯಿಂದಲಾದರೂ ಕಾಡಿನ ಮರಗಳಿಗೆ ಕಟ್ಟಿ ಬರಬೇಡಿ. ಜಗಲಿಯ ಗಿಡ ಜಗಲಿಯಲ್ಲಿರಲಿ.

ಸಮುದ್ರ ಬಂದಾಗ

ಈಗ ದೂರದ ಒಂದು ಕಳ್ಳಿಯ ಕಥೆ. ಅಮೆರಿಕದ ಫ್ಲಾರಿಡಾದ ತುದಿಯಲ್ಲಿ ಕೀ ಲಾರ್ಗೊ ಎಂಬ ತಗ್ಗಿನ ದ್ವೀಪವಿದೆ. ಅಲ್ಲಿ 1992ರಲ್ಲಿ ಮರದಂತೆ ನೆಟ್ಟಗೆ ಬೆಳೆಯುವ ಒಂದು ಕಳ್ಳಿಯ ಗುಂಪು ಪತ್ತೆಯಾಯಿತು. ಪೈಲೊಸೋಸೀರಿಯಸ್ ಮಿಲ್‌ಸ್ಪಾಘೈ ಎಂಬುದು ಅದರ ಹೆಸರು. ಅಮೆರಿಕ ದೇಶದಲ್ಲಿ ಈ ಜಾತಿ ಇದ್ದದ್ದು ಅದೊಂದೇ ಕಡೆ. ಒಂದು ಕಾಲಕ್ಕೆ ಸುಮಾರು 150 ಕಾಂಡಗಳಿದ್ದವು. ಸುತ್ತಲೂ ಮ್ಯಾಂಗ್ರೋವ್ ಕಾಡು, ನಡುವೆ ಸ್ವಲ್ಪ ಎತ್ತರದ ಸುಣ್ಣಕಲ್ಲು, ಅದರ ಮೇಲೆ ಈ ಕಳ್ಳಿಗಳು.

ಸಮುದ್ರ ಏರತೊಡಗಿತು. ಉಪ್ಪುನೀರು ನುಗ್ಗಿ ಮಣ್ಣನ್ನು ಸೇರಿತು. 2015ರಲ್ಲಿ ಪ್ರಾಣಿಗಳು ಕಳ್ಳಿಯ ಕಾಂಡಗಳನ್ನು ಕಡಿದು ತಿಂದದ್ದು ಕಂಡಿತು. ಸಿಹಿನೀರು ಸಿಗದ ಪ್ರಾಣಿಗಳು ಕಳ್ಳಿಯೊಳಗಿನ ನೀರಿಗೆ ಬಾಯಿ ಹಾಕಿರಬೇಕು ಎಂಬುದು ಅಲ್ಲಿನ ಸಂಶೋಧಕರ ಅನುಮಾನ. 2017ರಲ್ಲಿ ಇರ್ಮಾ ಚಂಡಮಾರುತ ಬಂತು. 2019ರಲ್ಲಿ ದೊಡ್ಡ ಉಬ್ಬರಗಳ ನೀರು ತಗ್ಗಿನಲ್ಲಿ ಮೂರು ತಿಂಗಳಿಗೂ ಹೆಚ್ಚು ನಿಂತಿತು. 2021ರ ಹೊತ್ತಿಗೆ ಉಳಿದದ್ದು ಆರು ಸೊರಗಿದ ತುಂಡುಗಳು. ಅವು ಅಲ್ಲಿ ಬದುಕುವುದಿಲ್ಲ ಎಂದು ಖಚಿತವಾದ ಮೇಲೆ ಉಳಿದ ಹಸಿರನ್ನು ಕತ್ತರಿಸಿಕೊಂಡು ಸಸ್ಯೋದ್ಯಾನಕ್ಕೆ ತಂದು ಬೆಳೆಸಿದರು. 2023ಕ್ಕೆ ಆ ಜಾಗದಲ್ಲಿ ಒಂದೂ ಉಳಿದಿರಲಿಲ್ಲ. ಸಮುದ್ರ ಮಟ್ಟದ ಏರಿಕೆಯಿಂದ ಆ ದೇಶದಲ್ಲಿ ಒಂದು ಜಾತಿ ಅಳಿದ ಮೊದಲ ನಿದರ್ಶನ ಇದಾಗಿರಬಹುದು ಎಂದು 2024ರಲ್ಲಿ ಅವರು ಪ್ರಕಟಿಸಿದರು. ಕ್ಯೂಬಾ, ಬಹಾಮಾ ದ್ವೀಪಗಳ ಕೆಲವು ಕಡೆ ಈ ಜಾತಿ ಇನ್ನೂ ಇದೆ.

ಆ ವಿಜ್ಞಾನಿಗಳು ಮಾಡಿದ್ದು ನಾನು ಜಗಲಿಯಲ್ಲಿ ಮಾಡಿದ ಕೆಲಸವನ್ನೇ. ಆರೋಗ್ಯದ ತುಂಡನ್ನು ಕತ್ತರಿಸಿದರು, ಒಣಗಿಸಿದರು, ಬೇರೆ ಮಣ್ಣಿನಲ್ಲಿ ಊರಿದರು. ಒಂದು ವ್ಯತ್ಯಾಸ ಮಾತ್ರ. ನಾನು ಜಗಲಿಯ ತಗಡಿನ ತೂತನ್ನು ಮುಚ್ಚಿಸಬಲ್ಲೆ. ಅವರು ಸಮುದ್ರಕ್ಕೆ ತಗಡು ಹೊಡೆಸಲಾರರು. ಆ ತುಂಡುಗಳು ಜೀವಂತವಾಗಿವೆ, ಆದರೆ ಅವಕ್ಕೆ ಊರಿಲ್ಲ. ಶರಾವತಿಯ ಮುಳುಗಡೆಯಿಂದ ಎದ್ದುಬಂದವರ ಮಕ್ಕಳು ಈ ಸಭೆಯಲ್ಲಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡಾಗ ನಿಮ್ಮ ಹಿರಿಯರು ಗಂಟುಮೂಟೆಯ ಜೊತೆ ಏನೇನು ಬೇರು, ಗೆಡ್ಡೆ, ಬೀಜ ಕಟ್ಟಿಕೊಂಡು ಬಂದರೋ ನಿಮಗೇ ಗೊತ್ತು. ಬದುಕಿರುವುದು ಬೇರೆ, ಊರಿನಲ್ಲಿ ಬದುಕಿರುವುದು ಬೇರೆ ಎಂಬುದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಗಂಡು ಮಾತ್ರ ಉಳಿದ ಮರ

ದಕ್ಷಿಣ ಆಫ್ರಿಕದ ಇನ್ನೊಂದು ಕಥೆ ಚಿಕ್ಕದು. 1895ರಲ್ಲಿ ಮೆಡ್ಲಿ ವುಡ್ ಎಂಬ ಸಸ್ಯವಿಜ್ಞಾನಿ ಅಲ್ಲಿನ ಙೋಯೆ ಕಾಡಿನಲ್ಲಿ ಒಂದು ಸೈಕಾಡ್ ಮರವನ್ನು ಕಂಡ. ನಮ್ಮ ಈಚಲಿನ ಹಾಗೆ ಕಾಣುವ, ಅತಿ ಪ್ರಾಚೀನ ಕುಲದ ಮರ. ಅದರ ಬುಡದ ಮರಿಗಳನ್ನು ಕಿತ್ತು ತಂದು ನೆಟ್ಟರು. ಇಂದು ಜಗತ್ತಿನ ಹಲವು ಉದ್ಯಾನಗಳಲ್ಲಿ ಆ ಮರವಿದೆ. ಕಾಡಿನಲ್ಲಿ ಒಂದೂ ಇಲ್ಲ. ಈ ಜಾತಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಸಿಕ್ಕಿದ್ದು ಗಂಡು. ಹೆಣ್ಣು ಇಂದಿನವರೆಗೂ ಸಿಕ್ಕಿಲ್ಲ. ನೂರು ಉದ್ಯಾನಗಳಲ್ಲಿದ್ದರೂ ಅದು ಒಂದೇ ಮರ, ಸಂತಾನವಿಲ್ಲದ ಮರ.

ಇದು ನಮಗೆ ದೂರದ ಮಾತಲ್ಲ. ಜಾಯಿಕಾಯಿ ಬೆಳೆಯುವವರಿಗೆ ಗಂಡು ಹೆಣ್ಣು ಮರಗಳ ಲೆಕ್ಕ ಗೊತ್ತು. ಅದರ ಕಾಡಿನ ಬಂಧುಗಳು ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ಜಡ್ಡಿಗಳಲ್ಲಿ, ಮೊಣಕಾಲಿನಂತೆ ಬೇರುಗಳನ್ನು ನೀರಿನಿಂದ ಮೇಲೆತ್ತಿ ನಿಂತಿವೆ. ಅದೇ ಕತ್ತಲೆಕಾನಿನ ಹೆಸರನ್ನು ಹೊತ್ತ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ. ಗೇರಿನ ಕುಟುಂಬದ ಈ ಮರದಲ್ಲಿಯೂ ಗಂಡು ಹೆಣ್ಣು ಬೇರೆ. ಬೆಳೆದ ಮರಗಳು ಬೆರಳೆಣಿಕೆಯನ್ನು ಮೀರಿ ಬಹಳ ದೂರ ಹೋಗುವುದಿಲ್ಲ. ಅದರ ಸಸಿಗಳನ್ನು ನರ್ಸರಿಯಲ್ಲಿ ಬೆಳೆಸಬೇಕು, ಒಪ್ಪಿದೆ. ಆದರೆ ಬೇಸಗೆಯಲ್ಲೂ ಆರದ ಆ ತೊರೆಯನ್ನು ಯಾವ ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸುವುದು?

ಯೋಜನೆಗಳ ಅಹವಾಲು ಸಭೆಗಳಲ್ಲಿ ಈ ಮಾತನ್ನು ಕೇಳಿದ್ದೇನೆ: “ಮರ ಹೋದರೇನು, ಅದರ ಸಸಿಗಳನ್ನು ಬೇರೆಡೆ ನೆಡುತ್ತೇವೆ, ಕಸಿ ಮಾಡಿ ಉಳಿಸುತ್ತೇವೆ.” ನನ್ನಂಥ ಕೃಷಿ ವಿಜ್ಞಾನಿಯೇ ಅಲ್ಲಿ ಕುಳಿತು ತಲೆಯಾಡಿಸುವುದೂ ಉಂಟು. ಆದ್ದರಿಂದ ನಮ್ಮ ವಿದ್ಯೆಯ ಮಿತಿಯನ್ನು ನಾವೇ ಹೇಳಬೇಕು. ತುಂಡು ತೆಗೆಯುವುದು ಸಾಯುತ್ತಿರುವುದಕ್ಕೆ ಮಾಡುವ ಕೊನೆಯ ಉಪಚಾರ. ಬದುಕಿರುವುದನ್ನು ಸಾಯಿಸಲು ಅದು ಪರವಾನಗಿಯಲ್ಲ.

ನನ್ನ ತಪ್ಪು

ಇಷ್ಟು ಹೇಳಿದವನು ತನ್ನ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಿನಲ್ಲಿ ಹೊಳೆಯಂಚಿನ ಒಂದು ಊರಿನಿಂದ ನನಗೆ ಹೇಳಿಕಳಿಸಿದ್ದರು. ಅಲ್ಲಿ ಒಂದು ಅಪ್ಪೆಮರವಿತ್ತು. ಜೀರಿಗೆಯ ಪರಿಮಳದ ಮಿಡಿ, ಉಪ್ಪಿನಲ್ಲಿ ನಾಲ್ಕು ವರ್ಷ ಇಟ್ಟರೂ ಮೆತ್ತಗಾಗದು. ಮರದ ಒಂದು ಬದಿಯ ಎಲೆ ಒಣಗುತ್ತಿದೆ, ಬಂದು ಕಸಿಕಡ್ಡಿ ತೆಗೆದುಕೊಂಡು ಹೋಗು ಎಂಬುದು ಅವರ ಮಾತು. ನಾನು ಪುಸ್ತಕದ ಉತ್ತರ ಕೊಟ್ಟೆ. ಮೃದುಕಾಂಡ ಕಸಿಗೆ ಜೂನ್ ನಂತರ ಒಳ್ಳೆಯ ಕಾಲ, ಗಾಳಿಯಲ್ಲಿ ತೇವ ಬೇಕು, ಆಗ ಬರುತ್ತೇನೆ ಎಂದೆ. ಉತ್ತರದಲ್ಲಿ ತಪ್ಪಿರಲಿಲ್ಲ. ಮೇ ತಿಂಗಳ ಗಾಳಿಮಳೆಗೆ ಒಳಗೆ ಟೊಳ್ಳಾಗಿದ್ದ ಮರ ಉರುಳಿತು. ಸುದ್ದಿ ನನಗೆ ತಲುಪಿ, ನಾನು ಹೋಗುವಷ್ಟರಲ್ಲಿ ಒಂಬತ್ತು ದಿನಗಳಾಗಿದ್ದವು.

ಮಾವು ಕಳ್ಳಿಯಲ್ಲ. ಅದರ ಕಡ್ಡಿಯಲ್ಲಿ ನೀರಿನ ಉಗ್ರಾಣವಿಲ್ಲ. ಹಗಲು ಬಾಗಿಲು ಮುಚ್ಚಿಕೊಳ್ಳುವ ಜಾಣ್ಮೆಯಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಕಡ್ಡಿಯೇ ಕೆಲವು ದಿನ ಮಾತ್ರ ತಡೆಯುತ್ತದೆ. ಬಿದ್ದ ಮರದಲ್ಲಿ ಹಸಿರಿರುವಂತೆ ಕಂಡ ಇಪ್ಪತ್ತು ಕಡ್ಡಿ ಆರಿಸಿ ಕಸಿ ಕಟ್ಟಿದೆ. ಒಂದೂ ಹಿಡಿಯಲಿಲ್ಲ. ಗೊರಟಿನಿಂದ ಹುಟ್ಟಿದ ಸಸಿಗಳು ಊರಲ್ಲಿದ್ದವು, ಆದರೆ ಅವು ತಾಯಿಯ ಗುಣವನ್ನು ಹಾಗೆಯೇ ತರುವುದಿಲ್ಲ. ಆ ಮನೆಯವರು ಒಂದು ಮಾತೂ ಅನ್ನಲಿಲ್ಲ. ಊಟಕ್ಕೆ ಕೂರಿಸಿ ಅದೇ ಮರದ ಮಿಡಿ ಬಡಿಸಿದರು. ಭರಣಿಯಲ್ಲಿ ಇನ್ನೆರಡು ವರ್ಷಕ್ಕೆ ಆಗುವಷ್ಟಿತ್ತು. ಉಳಿದದ್ದು ರುಚಿ, ಮರವಲ್ಲ. ಏಪ್ರಿಲ್‌ನಲ್ಲಿಯೇ ಹೋಗಿ ಹತ್ತು ಕಡ್ಡಿ ತಂದು ನೆರಳುಮನೆಯಲ್ಲಿ ಪ್ರಯತ್ನಿಸಿದ್ದರೆ ಎರಡಾದರೂ ಹಿಡಿಯುತ್ತಿದ್ದವೇನೊ. ರೋಗ ಕಂಡ ಮೇಲೆ ಹಂಗಾಮಿಗೆ ಕಾಯಬಾರದು ಎಂದು ನಾನು ಈಗ ಇಷ್ಟು ಒತ್ತಿ ಹೇಳುವುದು ಪುಸ್ತಕದಿಂದ ಕಲಿತಲ್ಲ.

ನಾವು ಮಾಡಬಹುದಾದದ್ದು

ಆದ್ದರಿಂದ ಬಳಗದ ಮುಂದೆ ಮೂರು ಕೋರಿಕೆಗಳನ್ನು ಇಡುತ್ತೇನೆ.

ಮೊದಲನೆಯದು, ಪ್ರತಿ ಊರಿನಲ್ಲಿ ಒಂದು ನೋಟ್‌ಬುಕ್ ಇರಲಿ. ಯಾರ ತೋಟದಲ್ಲಿ, ಯಾವ ಹೊಳೆಯಂಚಿನಲ್ಲಿ ಯಾವ ಅಪ್ಪೆ, ಯಾವ ಹಲಸು, ಯಾವ ಮೆಣಸಿನ ಬಳ್ಳಿ ಇದೆ, ಅದರ ವಿಶೇಷವೇನು, ಈಗ ಅದರ ಆರೋಗ್ಯ ಹೇಗಿದೆ ಎಂದು ವರ್ಷಕ್ಕೊಮ್ಮೆ ಬರೆದಿಡಿ. ಹಿರಿಯರನ್ನು ಕೇಳಿ ಬರೆಯಿರಿ. ಅವರು ಹೋದ ಮೇಲೆ ಮರ ಇದ್ದರೂ ಅದರ ಹೆಸರು ಇರುವುದಿಲ್ಲ.

ಎರಡನೆಯದು, ಒಂದು ಗಿಡದ ಸಂತತಿ ಮೂರು ಮನೆಗಳಲ್ಲಿರಲಿ, ಮೂರು ಬೇರೆ ಬೇರೆ ಊರುಗಳಲ್ಲಾದರೆ ಇನ್ನೂ ಒಳ್ಳೆಯದು. ಕೊಟ್ಟವರ ಹೆಸರನ್ನೂ ಗಿಡದ ಹೆಸರನ್ನೂ ಜೊತೆಗೆ ಕಳಿಸಿ. ಆರೋಗ್ಯವಾಗಿರುವಾಗ ಕೊಡಿ, ಸಾಯುವಾಗ ಅಲ್ಲ. ಆದರೆ ಒಂದೇ ಒಳ್ಳೆಯ ತಳಿಯಿಂದ ತೋಟ ತುಂಬಬೇಡಿ. ಹತ್ತು ತಳಿಗಳಿರಲಿ, ಬೀಜದಿಂದ ಬಂದ ಕೆಲವು ಅನಾಮಿಕ ಸಸಿಗಳಿಗೂ ಜಾಗವಿರಲಿ. ನಾಳಿನ ರೋಗವನ್ನು ತಡೆಯುವ ಗುಣ ಯಾವುದರಲ್ಲಿದೆಯೊ ಇಂದು ಹೇಳಲಾಗದು.

ಮೂರನೆಯದೇ ದೊಡ್ಡದು. ಜಾಗವನ್ನು ಕಾಯಿರಿ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸಮೀಪದ ಸಾಲ್ಕಣಿಯ ಜನ ಕಾಡಿಗೆ ಹೋದಾಗ ಕಸಿಚೂರಿ ಒಯ್ಯಲಿಲ್ಲ. ಮರಗಳನ್ನು ಅಪ್ಪಿಕೊಂಡು ನಿಂತರು. ಮರದ ಜೊತೆಗೆ ಅದರ ನೆರಳು, ಅದರ ಕೆಳಗಿನ ದರಗು, ದರಗಿನಲ್ಲಿ ಇಂಗುವ ನೀರು, ಆ ನೀರು ಹರಿಯುವ ಹಳ್ಳ ಎಲ್ಲವೂ ಉಳಿಯಬೇಕೆಂದು ಅವರಿಗೆ ತಿಳಿದಿತ್ತು. ಕಸಿಚೂರಿ ಹಿಡಿಯುವ ನಾನು ಅವರ ಮುಂದೆ ಕಿರಿಯವನು.

ಆ ಜಗಲಿಗೆ ಮರಳಿ ಮುಗಿಸುತ್ತೇನೆ. ಕಳೆದ ವಾರ ಹಿರಿಯಮ್ಮ ಮತ್ತೆ ಕರೆದರು. ತುಂಡಿನ ಅಂಚಿನ ಕಚ್ಚಿನಲ್ಲಿ ಕೆಂಪಾದ ಒಂದು ಚಿಗುರು ಇಣುಕಿತ್ತು. ಅದನ್ನು ತೋರಿಸಿ ಅವರು ಹೇಳಿದರು: “ಹೂ ಬಿಡುವಾಗ ನಾನಿರುತ್ತೇನೊ ಇಲ್ಲವೊ. ಇನ್ನೊಂದು ಎಲೆ ಆದ ಮೇಲೆ ಕತ್ತರಿಸಿ ನಿಮ್ಮ ಮನೆಯಲ್ಲೂ ಒಂದು ನೆಟ್ಟುಕೊ ತಮ್ಮಾ. ಸೂರಿನ ನೀರು ಬೀಳದ ಕಡೆ ನೋಡಿ ನೆಡು.”

ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿಬಿಟ್ಟರು.